ಗದೆ ಎಸೆಯಿರಿ, ಆಮೇಲೆ ಗಾಯ ಮುಟ್ಟಿ

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದ ಲೋಕದಲ್ಲಿ ಸತ್ತವರನ್ನು ಎಬ್ಬಿಸಬಹುದು, ಡ್ರ್ಯಾಗನ್ ಜೊತೆ ಚೌಕಾಸಿಗೆ ಕೂರಬಹುದು, ಬೆರಳು ತೋರಿಸಿ ಒಂದು ಹಿಂಡು ಗೋಬ್ಲಿನ್‌ಗಳನ್ನು ಬೂದಿ ಮಾಡಬಹುದು. ಗದೆ, ಗುರಾಣಿ ಹಿಡಿದುಕೊಂಡೇ ಗೆಳೆಯನ ಗಾಯ ವಾಸಿ ಮಾಡಲು ಮಾತ್ರ ಆಗುವುದಿಲ್ಲ. ಅಷ್ಟು ಅತಿಮಾನುಷವಾದದ್ದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

ನಿಯಮಪುಸ್ತಕದ 2014ರ ಐದನೇ ಎಡಿಷನ್ ಪ್ರಕಾರ ಸ್ಪೆಲ್, ಅಂದರೆ ಮಾಯಾಪ್ರಯೋಗ, ಮೂರು ಬಗೆಯ ಬೇಡಿಕೆ ಇಡಬಹುದು: ಬಾಯಿಗೆ ಮಂತ್ರ, ಕೈಗೆ ಮುದ್ರೆ, ಜೊತೆಗೆ ಸಾಮಗ್ರಿ. ದೈವಬಲದಿಂದ ಸ್ಪೆಲ್ ಹಾಕುವ ಕ್ಲೆರಿಕ್ ತನ್ನ ದೇವರ ಚಿಹ್ನೆಯನ್ನು ಗುರಾಣಿ ಮೇಲೆ ಬಿಡಿಸಿಕೊಂಡರೆ ಅದೇ ಸಾಮಗ್ರಿಯ ಬದಲಿಗೆ ನಡೆಯುತ್ತದೆ, ಚಿಹ್ನೆ ಹಿಡಿದ ಕೈಯೇ ಮುದ್ರೆಯನ್ನೂ ಮಾಡಬಹುದು. ಇಲ್ಲಿಯವರೆಗೆ ಸರಿ. ಗೆಳೆಯರನ್ನು ಹರಸುವ 'ಬ್ಲೆಸ್' ಸ್ಪೆಲ್‌ಗೆ ಪವಿತ್ರ ಜಲ ಬೇಕು, ಹಾಗಾಗಿ ಗುರಾಣಿ ಹಿಡಿದೇ ಅದನ್ನು ಹಾಕಬಹುದು. ಮುಟ್ಟಿ ಗಾಯ ವಾಸಿ ಮಾಡುವ 'ಕ್ಯೂರ್ ವೂಂಡ್ಸ್'ಗೆ ಸಾಮಗ್ರಿ ಬೇಡ, ಮಂತ್ರ ಮತ್ತು ಮುದ್ರೆ ಸಾಕು. ಸಾಮಗ್ರಿ ಬೇಡವಾದ್ದರಿಂದಲೇ ಗುರಾಣಿಯ ರಿಯಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ! ಅದೇ ಕೈ, ಅದೇ ಗುರಾಣಿ. ಸಾಮಗ್ರಿ ಕೇಳಿದರೆ ಕೈ ಖಾಲಿ ಎಂದು ಲೆಕ್ಕ, ಕೇಳದಿದ್ದರೆ ಭರ್ತಿ. ಕಡಿಮೆ ಕೇಳುವ ಸ್ಪೆಲ್ಲೇ ಹೆಚ್ಚು ಕಾಡುತ್ತದೆ.

ಇದಕ್ಕೊಂದು ದಾರಿ ಇದೆ. ಗದೆಯನ್ನು ಮರ್ಯಾದೆಯಿಂದ ಸೊಂಟಕ್ಕೆ ಸಿಕ್ಕಿಸಿದರೆ ಆ ಸರದಿಯಲ್ಲಿ ಪುಕ್ಕಟೆಯಾಗಿ ವಸ್ತುವೊಂದನ್ನು ಮುಟ್ಟುವ ಅವಕಾಶ ಅಲ್ಲಿಗೆ ಖರ್ಚು. ಮುಂದಿನ ಸರದಿಯವರೆಗೆ ಗದೆ ಸೊಂಟದಲ್ಲೇ ಇರುತ್ತದೆ, ನಡುವೆ ಶತ್ರು ಪಕ್ಕದಿಂದ ಓಡಿಹೋದರೂ ಒಂದೇಟು ಹಾಕಲು ಕೈಯಲ್ಲಿ ಏನೂ ಇಲ್ಲ. ಅದರ ಬದಲು ಗದೆಯನ್ನು ನೆಲಕ್ಕೆ ಬೀಳಿಸಿ. ಬೀಳಿಸುವುದಕ್ಕೆ ಆಟ ನಡೆಸುವ ಹೆಚ್ಚಿನ ಡಂಜನ್ ಮಾಸ್ಟರ್‌ಗಳು ಲೆಕ್ಕ ಕೇಳುವುದಿಲ್ಲ. ಗಾಯ ಮುಟ್ಟಿ, ಮಂತ್ರ ಹೇಳಿ, ಉಳಿದಿರುವ ಪುಕ್ಕಟೆ ಅವಕಾಶದಲ್ಲಿ ಗದೆ ಎತ್ತಿಕೊಳ್ಳಿ. ಆರು ಸೆಕೆಂಡಿನ ಒಂದು ರೌಂಡಿನಲ್ಲಿ ಇಷ್ಟೂ ಮುಗಿಯಿತು. ಆಯುಧವನ್ನು ಜೋಪಾನ ಮಾಡಿದವನಿಗೆ ದಂಡ, ಕೆಸರಿಗೆ ಎಸೆದವನಿಗೆ ಮಾಫಿ. ಈ ಸರ್ಕಸ್ ಬೇಡವೆನ್ನುವವರಿಗೆ ಗದೆ, ಗುರಾಣಿ ಹಿಡಿದೇ ಮುದ್ರೆ ಮಾಡಲು ಬಿಡುವ 'ವಾರ್ ಕ್ಯಾಸ್ಟರ್' ಎಂಬ ಪರವಾನಗಿ ಇದೆ. ಅದನ್ನು ಪಡೆಯಲು ಸಾಮಾನ್ಯವಾಗಿ ನಾಲ್ಕನೇ ಲೆವೆಲ್‌ವರೆಗೆ ಕಾಯಬೇಕು, ಪಾತ್ರದ ಶಕ್ತಿ ಹೆಚ್ಚಿಸಲು ಆಗ ಸಿಗುವ ಎರಡು ಎಬಿಲಿಟಿ ಪಾಯಿಂಟ್‌ಗಳನ್ನೂ ಬಿಟ್ಟುಕೊಡಬೇಕು. ಮೂಗಿಗಿಂತ ಮೂಗುತಿ ಭಾರ.

ಅದೇ 2014ರ ನಿಯಮದಲ್ಲಿ ಜಾಣರು ಮುಟ್ಟುವ ಗೋಜಿಗೇ ಹೋಗುವುದಿಲ್ಲ, 'ಹೀಲಿಂಗ್ ವರ್ಡ್' ಎಂದು 60 ಅಡಿ ದೂರದಿಂದ ಕೂಗುತ್ತಾರೆ. ಕೈ ಬೇಡ, ಬಾಯಿ ಸಾಕು, ಸರದಿಯ ಮುಖ್ಯ ಕೆಲಸದ ಮೇಲೆ ಕೊಸರಾಗಿ ಸಿಗುವ ಬೋನಸ್ ಆಕ್ಷನ್ನಲ್ಲೇ ಕೆಲಸ ಮುಗಿಯುತ್ತದೆ. ಆದರೆ ಬೋನಸ್ ಆಕ್ಷನ್ನಲ್ಲಿ ಸ್ಪೆಲ್ ಹಾಕಿದ ಪಾಪಕ್ಕೆ ಅದೇ ಸರದಿಯಲ್ಲಿ ಪುಟ್ಟ ಕ್ಯಾಂಟ್ರಿಪ್ ಬಿಟ್ಟು ಬೇರೆ ಸ್ಪೆಲ್ ಹಾಕುವಂತಿಲ್ಲ. ಒಂದು ಡಿ4 (ನಾಲ್ಕು ಮುಖದ ಡೈಸ್) ಮತ್ತು ಚಿಲ್ಲರೆಯಷ್ಟು ರಕ್ತ ವಾಪಸು ಕೊಟ್ಟವರಿಗೆ 'ಬ್ಲೆಸ್' ಕೂಡ ನಿಷಿದ್ಧ. ಪಕ್ಕದಲ್ಲಿ ಎರಡು ಲೆವೆಲ್ ಫೈಟರ್ (ಯೋಧ), ಐದು ಲೆವೆಲ್ ವಿಜಾರ್ಡ್ (ಮಾಂತ್ರಿಕ) ಆಗಿ ಬೆಳೆದವನೊಬ್ಬ ನಿಂತಿರುತ್ತಾನೆ. ಅವನು ಇನ್ನೊಂದು ಆಕ್ಷನ್ ಕೊಡುವ 'ಆಕ್ಷನ್ ಸರ್ಜ್' ಬಳಸಿ ಒಂದೇ ಸರದಿಯಲ್ಲಿ ಎರಡು ಫೈರ್‌ಬಾಲ್, ತಲಾ 8ಡಿ6 (ಆರು ಮುಖದ ಎಂಟು ಡೈಸ್), ಎಸೆಯಬಹುದು. ಬೋನಸ್ ಆಕ್ಷನ್ ಮುಟ್ಟಲಿಲ್ಲವಲ್ಲ, ಕಾನೂನಿಗೆ ಅವನು ಸಭ್ಯಸ್ಥ.

ಹಳೆಯ ಎಡಿಷನ್‌ಗಳು ಸುಲಭವಾಗಿದ್ದವು ಎಂದು ನಿಟ್ಟುಸಿರು ಬಿಡುವವರಿದ್ದಾರೆ. 1989ರ ಎರಡನೇ ಎಡಿಷನ್ ನೋಡಿ. ಅಲ್ಲಿ ರಕ್ಷಾಕವಚದ ಅಂಕೆ ಕಡಿಮೆಯಾದಷ್ಟೂ ಒಳ್ಳೆಯದು: 10 ಎಂದರೆ ಬರಿಮೈ, ಮೈನಸ್ 10 ಎಂದರೆ ವಜ್ರಕಾಯ. ಕವಚ 0 ಇರುವವನಿಗೆ ಏಟು ತಗುಲಲು ಡೈಸ್‌ನಲ್ಲಿ ಬೇಕಾದ ಅಂಕೆ, ಅಂದರೆ ನಿಮ್ಮ 'ಥ್ಯಾಕೋ', 17, ಶತ್ರುವಿನ ಕವಚ ಮೈನಸ್ 3 ಆದರೆ 17ರಿಂದ ಮೈನಸ್ 3 ಕಳೆಯಬೇಕು, ಅಂದರೆ ಕೂಡಬೇಕು, ಅಂದರೆ ಡೈಸ್‌ನಲ್ಲಿ 20 ಬೀಳಲೇಬೇಕು. ಪ್ಲಸ್ 1 ಮಾಯಾ ಗುರಾಣಿ ತೊಟ್ಟರೆ ಅಂಕೆ ಎರಡು ಇಳಿಯುತ್ತದೆ, ಗುರಾಣಿಗೆ ಒಂದು, ಮಾಯೆಗೆ ಒಂದು. ಕತ್ತಿ ಬೀಸುವ ಮೊದಲು ಬೀಜಗಣಿತ. 2000ರಲ್ಲಿ ಬಂದ ಮೂರನೇ ಎಡಿಷನ್ ಇದನ್ನು ತಲೆಕೆಳಗು ಮಾಡಿ ಪುಣ್ಯ ಕಟ್ಟಿಕೊಂಡಿತು.

ಆ ಪುಣ್ಯವನ್ನು ಕುಸ್ತಿಯಲ್ಲಿ ಕಳೆದುಕೊಂಡಿತು. ಅದರ ಪರಿಷ್ಕೃತ ರೂಪವಾದ 3.5ರಲ್ಲಿ ಯಾರನ್ನಾದರೂ ತಬ್ಬಿ ಹಿಡಿಯಬೇಕೆ? ಮೊದಲು ಅವನು ಪುಕ್ಕಟೆಯಾಗಿ ಒಂದೇಟು ಹಾಕುತ್ತಾನೆ, ಅದು ತಗುಲಿ ಗಾಯವಾದರೆ ಅಲ್ಲಿಗೆ ಕುಸ್ತಿ ರದ್ದು. ತಗುಲದಿದ್ದರೆ ಮುಟ್ಟುವುದಕ್ಕೊಂದು ಡೈಸ್. ಮುಟ್ಟಿದರೆ ಇಬ್ಬರೂ ಉರುಳಿಸುವ ಪೈಪೋಟಿಯ ಡೈಸ್, ಅದರಲ್ಲಿ ಗಾತ್ರಕ್ಕೆ ಹಂತಕ್ಕೆ ನಾಲ್ಕರಂತೆ ಕೂಡು-ಕಳೆ. ಅದನ್ನೂ ಗೆದ್ದರೆ ಅವನ ಚೌಕಕ್ಕೆ ನುಗ್ಗಬೇಕು, ನುಗ್ಗುವಾಗ ಅವನ ಅಕ್ಕಪಕ್ಕದ ಗೆಳೆಯರು ಬೆನ್ನಿಗೆ ಬಾರಿಸಬಹುದು. ಇಷ್ಟರಲ್ಲಿ ಮೇಜಿನ ಸುತ್ತ ಕೂತವರು ಪುಟ ತಿರುವುತ್ತಾ ಅರ್ಧ ಗಂಟೆ ಕಳೆದಿರುತ್ತಾರೆ. ಅದೇ 3.5ರಲ್ಲಿ ಸಾಯುತ್ತಿರುವವನಿಗೆ ಬಕೆಟ್ ನೀರೇ ಔಷಧ: ಹಿಟ್ ಪಾಯಿಂಟ್ (ಜೀವಬಲದ ಅಂಕೆ) ಮೈನಸ್ 9ಕ್ಕೆ ಇಳಿದವನ ತಲೆ ಮುಳುಗಿಸಿ, ಉಸಿರು ಹಿಡಿಯುವ ಚೆಕ್ (ಡೈಸ್ ಪರೀಕ್ಷೆ) ಸೋತ ಕೂಡಲೇ ಹಿಟ್ ಪಾಯಿಂಟ್ 0 ಆಗುತ್ತದೆ ಎಂದು ಬರೆದಿದೆ. ಒಂಬತ್ತು ಲಾಭ. ನೀರಿನಿಂದ ಹೊರಗೆಳೆದರೆ ಮುಳುಗುವುದು ನಿಲ್ಲುತ್ತದೆ ಎಂದು ಬರೆಯಲು ಮಾತ್ರ ಮರೆತಿದ್ದಾರೆ. ಅದೇ ಪುಸ್ತಕದ ಬೆಲೆಪಟ್ಟಿಯಲ್ಲಿ ಹತ್ತಡಿ ಏಣಿಗೆ 5 ತಾಮ್ರದ ನಾಣ್ಯ, ಹತ್ತಡಿ ಕೋಲಿಗೆ 2 ಬೆಳ್ಳಿ, ಅಂದರೆ 20 ತಾಮ್ರ. ಏಣಿ ಕೊಂಡು ಮೆಟ್ಟಿಲು ಕಿತ್ತು ಎರಡು ಕೋಲು ಮಾರುವವನು ಗುಹೆಗೆ ಇಳಿಯುವ ಅಗತ್ಯವೇ ಇಲ್ಲ.

ಇನ್ನು ಅದೃಶ್ಯರ ವಿಷಯ. 2014ರ ಪುಸ್ತಕದಲ್ಲಿ 'ಇನ್ವಿಸಿಬಲ್' ಸ್ಥಿತಿಗೆ ಎರಡು ಪ್ರತ್ಯೇಕ ಸಾಲುಗಳಿದ್ದವು: ಒಂದು, ಕಾಣಿಸುವುದಿಲ್ಲ. ಎರಡು, ಅವನ ಮೇಲಿನ ದಾಳಿಗೆ ಅಡ್ಡಿ. ಎರಡನೇ ಲೆವೆಲ್ ಸ್ಲಾಟ್ (ಸ್ಪೆಲ್ ಹಾಕಲು ಸಿಗುವ ಎಣಿಕೆಯ ಅವಕಾಶ) ಸುಟ್ಟು, ಅದೃಶ್ಯರನ್ನು ಕಾಣಿಸುವ 'ಸೀ ಇನ್ವಿಸಿಬಿಲಿಟಿ' ಸ್ಪೆಲ್ ಹಾಕಿಕೊಂಡರೆ ಮೊದಲ ಸಾಲು ಅಳಿಸುತ್ತಿತ್ತು, ಎರಡನೆಯದು ಹಾಗೇ ಉಳಿಯುತ್ತಿತ್ತು. ಅವನ ಮೀಸೆ ಎಣಿಸುವಷ್ಟು ಸ್ಪಷ್ಟವಾಗಿ ಕಂಡರೂ ಎರಡು ಡಿ20 (ಇಪ್ಪತ್ತು ಮುಖದ ಡೈಸ್) ಉರುಳಿಸಿ ಚಿಕ್ಕದನ್ನೇ ಇಟ್ಟುಕೊಳ್ಳಬೇಕು. 2024ರ ಪುಸ್ತಕ ಇದನ್ನು ಸರಿಪಡಿಸಿತು, ಕಂಡವರಿಗೆ ಅಡ್ಡಿ ಇಲ್ಲ. ಆದರೆ ಸುಮ್ಮನಿರಲಾರದೆ ಅಡಗಿ ಕೂರುವುದನ್ನೂ ಅದೇ ಖಾತೆಗೆ ಸೇರಿಸಿತು. ಪೀಪಾಯಿ ಹಿಂದೆ ಕುಕ್ಕರಗಾಲಲ್ಲಿ ಕೂತ ಕಳ್ಳ ಅಡಗುವ ಜಾಣ್ಮೆ ಅಳೆಯುವ ಸ್ಟೆಲ್ತ್ ಚೆಕ್‌ನಲ್ಲಿ 15 ಮುಟ್ಟಿದರೆ ಅವನೂ ಅಧಿಕೃತವಾಗಿ 'ಇನ್ವಿಸಿಬಲ್'. ಹಾಗಿದ್ದರೆ 'ಸೀ ಇನ್ವಿಸಿಬಿಲಿಟಿ' ಹಾಕಿಕೊಂಡ ಮಾಂತ್ರಿಕನಿಗೆ ಪೀಪಾಯಿ ಆಚೆಯವನೂ ಕಾಣಬೇಕೆ? ಅಕ್ಷರ ಹಿಡಿದು ಓದುವವರು ಕಾಣಬೇಕೆಂದೇ ವಾದಿಸುತ್ತಾರೆ. ಆ ಸ್ಪೆಲ್ ಇಲ್ಲದ ಕಾವಲುಗಾರರ ಎದುರು ಕಳ್ಳ ಎದ್ದು ಬಯಲಿಗೆ ಬಂದರೆ ಏನು ಕಥೆ ಎಂಬ ವಾದ ಇನ್ನೂ ಉದ್ದದ್ದು. ಆ ಸ್ಥಿತಿ ಕಳೆದುಕೊಳ್ಳಲು ಶತ್ರು ಪತ್ತೆ ಹಚ್ಚಬೇಕು, ಇಲ್ಲವೇ ಇವನೇ ದಾಳಿ ಮಾಡಬೇಕು, ಮಂತ್ರ ಹೇಳಬೇಕು ಅಥವಾ ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಬೇಕು. ಕಳ್ಳರ ಗಮನಕ್ಕೆ: ಸೀನು ಬಂದರೆ ಮೂಗು ಒತ್ತಿ ಹಿಡಿಯಿರಿ.