ಸರ್ ಅಂದ್ರೆ ಅಗೌರವಾನಾ?
ಕರಾಟೆ ಮೇಷ್ಟ್ರನ್ನ ಸೆನ್ಸೈ ಅಂತಲೇ ಕರೀಬೇಕು, ಸರ್ ಅನ್ನೋದು ಅಗೌರವ ಅಂತ ಬರ್ದಿದೀರಲ್ಲ, ಅದು ಸ್ವಲ್ಪ ಜಾಸ್ತಿ ಆಯ್ತು. ಜಪಾನಲ್ಲಿ ಸ್ಕೂಲ್ ಟೀಚರ್ರು, ಡಾಕ್ಟ್ರು, ಲಾಯರ್ರು ಎಲ್ರೂ ಸೆನ್ಸೈನೇ, ಪದಕ್ಕೆ ಅರ್ಥ ಮೊದಲು ಹುಟ್ಟಿದವ್ರು ಅಂತ, ನಾವು ಹಿರೀಕರು ಅಂದಂಗೆ, ಆದ್ರೆ ಅಲ್ಲಿ ತಮ್ಮನ್ನ ತಾವೇ ಸೆನ್ಸೈ ಅಂತ ಹೇಳ್ಕೊಳಲ್ಲ, ಬೇರೆಯವ್ರು ಕರೀಬೇಕು ಅಷ್ಟೇ. ನಮ್ ಏರಿಯಾದಲ್ಲಿ ಒಬ್ರು ವಿಸಿಟಿಂಗ್ ಕಾರ್ಡಲ್ಲೇ ಗ್ರ್ಯಾಂಡ್ ಮಾಸ್ಟರ್ ಶಿಹಾನ್ (ಅಂದ್ರೆ ಹಿರಿಯ ಗುರು) ಅಂತ ಹಾಕ್ಸಿದಾರೆ, ಕೆಳಗಡೆ ಝುಂಬಾ ಕ್ಲಾಸ್ ಬೇರೆ! ರೆನ್ಶಿ, ಕ್ಯೋಶಿ, ಹಾನ್ಶಿ ಎಲ್ಲ ಸೀನಿಯರ್ ಬ್ಲ್ಯಾಕ್ ಬೆಲ್ಟ್‌ಗಳಿಗೆ ಸಂಸ್ಥೆ ಕೊಡೋ ಬಿರುದು ಕಣ್ರೀ, ನಾವೇ ಫ್ಲೆಕ್ಸ್ ಹಾಕ್ಸಿಕೊಳ್ಳೋದಲ್ಲ. ನನ್ ಮಗಳು ಅವಳ ಮೇಷ್ಟ್ರನ್ನ ಸರ್ ಅಂತಾನೇ ಕರಿಯೋದು, ಬಾಗಿಲಲ್ಲಿ ಚಪ್ಪಲಿ ನೀಟಾಗಿ ಜೋಡ್ಸಿಟ್ಟು ಬಗ್ಗಿ ನಮಸ್ಕಾರ ಮಾಡಿ ಒಳಗೆ ಹೋಗ್ತಾಳೆ, ಅವ್ರೇನೂ ಇದುವರ್ಗೂ ಬೇಜಾರ್ ಮಾಡ್ಕೊಂಡಿಲ್ಲ.