ಕರೆಯೋಲೆಯ ಮೇಲೆ ಬರೆದ ಕೈ ಯಾರದು?

ಕಳೆದ ವಾರ ಗೆಳತಿಯೊಬ್ಬಳು ತನ್ನ ಮದುವೆಯ ಕರೆಯೋಲೆಯ ಕರಡನ್ನು ಮೊಬೈಲ್‌ಗೆ ಕಳುಹಿಸಿ, "ಹೇಗಿದೆ, ನಿಜ ಹೇಳು" ಎಂದಳು. ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಹೆಸರುಗಳು. ಎರಡೂ ಓರೆಯಾದ ಕೂಡುಬರಹದ ಫಾಂಟ್‌ನಲ್ಲಿದ್ದವು. ಮೊದಲ ಹೆಸರಿನ ದೊಡ್ಡ ಅಕ್ಷರದಿಂದ ಹೊರಟ ಸುರುಳಿ ಬಳ್ಳಿಯಂತೆ ಹಬ್ಬಿ ಎರಡನೆಯ ಹೆಸರಿನ ನೆತ್ತಿಯ ಮೇಲೆ ಬಂದು ನಿಂತಿತ್ತು. ಬಿಡಿಯಾಗಿ ನೋಡಿದರೆ ಪ್ರತಿ ಗೆರೆಯೂ ಚೆಂದವೇ. ಆದರೆ ಒಬ್ಬರು ಇನ್ನೊಬ್ಬರ ನೆರಳಿನಲ್ಲಿ ನಿಂತಂತೆ ಕಾಣುತ್ತಿತ್ತು. ಹೇಳಲು ಒಂದು ದಿನ ತಡೆದೆ, ಆಮೇಲೆ ಹೇಳಿಯೇಬಿಟ್ಟೆ.

"ಮದುವೆಗೆ ಒಪ್ಪುವ ಫಾಂಟ್" ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಹಾಗೊಂದು ಇದೆ ಎಂದು ನಾನು ನಂಬುವುದಿಲ್ಲ. ಕೈಬರಹದ ಶೈಲಿಯ ಅಕ್ಷರ ಕಂಡಾಗ ನಮ್ಮ ಕಣ್ಣು ಅದನ್ನು ಓದುವುದಷ್ಟೇ ಅಲ್ಲ, ಬರೆದ ಕೈಯ ಜೊತೆ ತಾನೂ ಓಡುತ್ತದೆ. ಎಲ್ಲಿ ಒತ್ತಿದರು, ಎಲ್ಲಿ ಹಗುರವಾಗಿ ಎತ್ತಿದರು, ಎಲ್ಲಿ ಅವಸರಪಟ್ಟರು ಎಂಬುದೆಲ್ಲ ಗೆರೆಯಲ್ಲಿ ಉಳಿದಿರುತ್ತದೆ. ಕರೆಯೋಲೆಯ ಭಾವ ಹುಟ್ಟುವುದು ಅಲ್ಲಿಯೇ. ಹಾಗಾಗಿ ಫಾಂಟ್ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಈ ಕೈ ಯಾರದು, ಇದರ ನಡೆ ಎಷ್ಟು ವೇಗದ್ದು ಎಂದು.

ಬಹುಪಾಲು ವಿಧ್ಯುಕ್ತ ಕರೆಯೋಲೆಗಳ ಅಕ್ಷರಗಳಿಗೆ ಮೂಲ 17 ಮತ್ತು 18ನೆಯ ಶತಮಾನದ ಇಂಗ್ಲೆಂಡಿನ ಬರವಣಿಗೆ ಗುರುಗಳ ದುಂಡು ಬರಹ. ಚೂಪು ಮೊನೆಯ ಲೇಖನಿಯನ್ನು ಕೆಳಕ್ಕೆ ಎಳೆಯುವಾಗ ಒತ್ತಿದರೆ ಮೊನೆಯ ಸೀಳು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಮೇಲಕ್ಕೆ ಒಯ್ಯುವಾಗ ಕೂದಲೆಳೆಯಷ್ಟು ತೆಳುವಾಗುತ್ತದೆ. ಆ ಬರಹವನ್ನು ತಾಮ್ರದ ಹಾಳೆಯಲ್ಲಿ ಕೊರೆದು ಮುದ್ರಿಸುತ್ತಿದ್ದುದರಿಂದ ಅದಕ್ಕೆ ಕಾಪರ್‌ಪ್ಲೇಟ್ ಎಂಬ ಹೆಸರು ಅಂಟಿಕೊಂಡಿತು. ದಪ್ಪ ಮತ್ತು ತೆಳುವಿನ ಈ ಏರಿಳಿತವೇ ಒಂದು ಉಸಿರಾಟ. ಅದಕ್ಕೆ ಗಾಂಭೀರ್ಯ ಬಂದಿರುವುದು ನಿಧಾನದಿಂದ: ಯಾರೋ ಕುಳಿತು, ಸಮಯ ಕೊಟ್ಟು, ನಿಮ್ಮ ಹೆಸರು ಬರೆದಿದ್ದಾರೆ ಎಂಬ ಅನಿಸಿಕೆಯಿಂದ.

ಮ್ಯಾಥ್ಯೂ ಕಾರ್ಟರ್ ಎಂಬ ಅಕ್ಷರ ವಿನ್ಯಾಸಕಾರರ ಕೆಲಸ ನನಗೆ ಬಹಳ ಪ್ರಿಯ. ಚಾರ್ಲ್ಸ್ ಸ್ನೆಲ್ ಎಂಬ ಹಳೆಯ ಬರವಣಿಗೆ ಗುರುವಿನ ಶೈಲಿಯನ್ನು ಆಧರಿಸಿ 1960ರ ದಶಕದಲ್ಲಿ ಅವರು ಸ್ನೆಲ್ ರೌಂಡ್‌ಹ್ಯಾಂಡ್ ಎಂಬ ಫಾಂಟ್ ರೂಪಿಸಿದರು. ಮುದ್ರಣದ ಸೀಸದ ಚೌಕ ಅಚ್ಚುಮೊಳೆಗಳ ಮೇಲೆ ಓರೆ ಅಕ್ಷರಗಳನ್ನು ಬೆಸೆಯುವುದು ಕಷ್ಟದ ಕೆಲಸವಾಗಿತ್ತು. ಅಕ್ಷರಗಳನ್ನು ಬೆಳಕಿನಿಂದ ಫಿಲ್ಮ್ ಮೇಲೆ ಮೂಡಿಸುವ ಫೋಟೊ ಅಕ್ಷರಜೋಡಣೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. 1972ರಲ್ಲಿ ಅವರು ಶೆಲ್ಲಿ ಎಂಬ ಇನ್ನೊಂದು ಬರಹವನ್ನು ಮೂರು ರೂಪಗಳಲ್ಲಿ ಕೊಟ್ಟರು. ಅವುಗಳ ಹೆಸರು ಆಂದಾಂತೆ, ಅಲ್ಲೆಗ್ರೊ, ವೊಲಾಂತೆ. ಮೂರೂ ಪಾಶ್ಚಾತ್ಯ ಸಂಗೀತದ ಮಾತುಗಳು. ಮೊದಲನೆಯದು ನಡಿಗೆಯ ಲಯ, ಎರಡನೆಯದು ಚುರುಕು, ಮೂರನೆಯದು ಹಾರಾಟ. ಸುರುಳಿಗಳೂ ಅದೇ ಕ್ರಮದಲ್ಲಿ ಹೆಚ್ಚುತ್ತವೆ. ಅಕ್ಷರಕ್ಕೆ ಲಯದ ಹೆಸರಿಟ್ಟದ್ದನ್ನು ಮೊದಲ ಸಲ ತಿಳಿದ ದಿನ ನನಗಾದ ಸಂತೋಷ ಇಂದಿಗೂ ನೆನಪಿದೆ.

ಗೆಳತಿಯ ಕರಡಿನಲ್ಲಿದ್ದ ತೊಡಕೂ ಲಯದ್ದೇ. ಅವಳೂ ಅವಳ ಹುಡುಗನೂ ಮೆಲುಮಾತಿನವರು, ಒಂದು ವಾಕ್ಯ ಮುಗಿಸಲು ಸಾವಕಾಶ ತೆಗೆದುಕೊಳ್ಳುವವರು. ಅವರ ಹೆಸರುಗಳು ಮಾತ್ರ ಹಾರುತ್ತಿದ್ದವು.

ಎಲ್ಲರಿಗೂ ನಿಧಾನವೇ ಬೇಕು ಎಂದಲ್ಲ. ಫ್ರೆಂಚ್ ಅಕ್ಷರ ವಿನ್ಯಾಸಕಾರ ರೋಜೆ ಎಕ್ಸ್‌ಕೊಫೋನ್ 1953ರಲ್ಲಿ ತಮ್ಮದೇ ಕೈಬರಹದಿಂದ ಮಾಡಿದ ಮಿಸ್ಟ್ರಾಲ್ ಫಾಂಟ್ ನೋಡಿ. ಅಂಚು ಒರಟು, ಅಕ್ಷರಗಳು ಏರುಪೇರು, ಗೆರೆ ಓಡೋಡಿ ಬಂದಂತಿದೆ. ಅದರಲ್ಲಿ ಬರೆದ ಆಹ್ವಾನ, ಆತ್ಮೀಯನೊಬ್ಬ ಚೀಟಿ ಬರೆದು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋದಂತಿರುತ್ತದೆ. ಹತ್ತಿಪ್ಪತ್ತು ಸ್ನೇಹಿತರ ಮುಂದೆ ನಗುತ್ತಾ ಮದುವೆಯಾಗುವವರಿಗೆ ಅದು ಸೊಗಸು. ಜರ್ಮನ್ ವಿನ್ಯಾಸಕಾರ ಹರ್ಮನ್ ಜಾಫ್ ಅವರ ಜಾಫಿನೊ ಬೇರೆಯೇ ಜಾತಿಯದು. 1944ರಲ್ಲಿ ಅವರು ಕೈಯಾರೆ ಬರೆದ ಒಂದು ಪುಟ ಅದರ ಬೀಜ, ಫಾಂಟ್ ಆಗಿ ಹೊರಬಂದದ್ದು 1998ರಲ್ಲಿ. ಅದರ ಉದ್ದನೆಯ ಬಾಲಗಳಿಗೆ ಸುತ್ತ ಖಾಲಿ ಜಾಗ ಬೇಕೇ ಬೇಕು. ಹೂವಿನ ಚಿತ್ರಗಳ ನಡುವೆ ತುರುಕಿದರೆ ಅದು ನರಳುತ್ತದೆ.

ನನಗೆ ನಿಜಕ್ಕೂ ನೋವಾಗುವುದು ಕೂಡುಬರಹದ ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದಾಗ. ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸಲೆಂದೇ ಬರೆದ ಗೆರೆಗಳು ಅವು. ಸಾಲು ತುಂಬಲಿ ಎಂದು ಎಳೆದಾಗ ಕೊಂಡಿ ಕಳಚಿ, ಪ್ರತಿ ಅಕ್ಷರವೂ ಗಾಳಿಯಲ್ಲಿ ಕೈ ಚಾಚಿ ನಿಲ್ಲುತ್ತದೆ. ಅದೂ ಮದುವೆಯ ಕಾಗದದ ಮೇಲೆ! ಎಲ್ಲವನ್ನೂ ದೊಡ್ಡಕ್ಷರದಲ್ಲೇ ಹಾಕುವುದೂ ಇಂಥದ್ದೇ ತಪ್ಪು. ಇನ್ನೊಂದು ಸಣ್ಣ ವಿಷಯ: ಹೆಸರಿನಲ್ಲಿ ಒಂದೇ ಅಕ್ಷರ ಎರಡು ಸಲ ಬಂದು ಎರಡೂ ಅಚ್ಚು ಹೊಡೆದಂತೆ ಒಂದೇ ತೆರನಾಗಿದ್ದರೆ ಕೈಬರಹದ ಭ್ರಮೆ ಅಲ್ಲಿಗೇ ಒಡೆಯುತ್ತದೆ. ಈಗಿನ ಒಳ್ಳೆಯ ಫಾಂಟ್‌ಗಳಲ್ಲಿ ಒಂದೊಂದು ಅಕ್ಷರಕ್ಕೂ ಹಲವು ರೂಪಗಳಿರುತ್ತವೆ, ಹುಡುಕಿ ಬಳಸಬೇಕು. ದಿನಾಂಕ, ವಿಳಾಸಗಳಿಗೆ ಸರಳವಾದ ನೇರ ಅಕ್ಷರ ಸಾಕು. ಕೂದಲೆಳೆಯ ಗೆರೆಗಳು ಮೊಬೈಲ್ ಪರದೆಯಲ್ಲಿ ಕರಗಿಹೋಗುತ್ತವೆ.

ಗೆಳತಿಯೂ ನಾನೂ ಕುಳಿತು ಕರಡನ್ನು ತಿದ್ದಿದೆವು. ಮೊದಲ ಹೆಸರಿಗೆ ಸುರುಳಿ ಕಡಿಮೆಯಿರುವ ರೂಪ ಆರಿಸಿ, ಎರಡನೆಯದಕ್ಕೆ ತುಸು ಉದ್ದನೆಯ ಬಾಲ ಕೊಟ್ಟೆವು. ಈಗ ಎರಡೂ ಒಂದೇ ಎತ್ತರದಲ್ಲಿ ನಿಂತಿವೆ. ಉಳಿದಿರುವ ಜಗಳ ನಡುವಿನ "ಮತ್ತು" ಚಿಹ್ನೆಯದು (&). ಇಂಗ್ಲಿಷಿನ ಆ ಆಂಪರ್‌ಸ್ಯಾಂಡ್ ಹುಟ್ಟಿದ್ದೇ ಲ್ಯಾಟಿನ್ನಿನ "ಎತ್" ಎಂಬ ಪದದ ಎರಡು ಅಕ್ಷರಗಳು ಬೆಸೆದುಕೊಂಡು, ಹಾಗಾಗಿ ಅದು ದೊಡ್ಡದಾಗಿಯೇ ಇರಲಿ ಎನ್ನುತ್ತಾಳೆ ಅವಳು. ಹೆಸರುಗಳಿಗಿಂತ ಅದು ಎದ್ದು ಕಾಣಬಾರದು ಎನ್ನುತ್ತೇನೆ ನಾನು. ಎರಡನ್ನೂ ನಿಜವಾದ ಅಳತೆಯಲ್ಲಿ ಮುದ್ರಿಸಿ, ನಾಳೆ ಗೋಡೆಗೆ ಅಂಟಿಸಿ ದೂರದಿಂದ ನೋಡುವವರಿದ್ದೇವೆ.