"ಪರವಾಗಿಲ್ಲ ಮೇಡಂ"

ಎಂಟು ತಿಂಗಳು ಒಬ್ಬ ಕೌನ್ಸೆಲರ್ ಹತ್ತಿರ ಹೋಗ್ತಿದ್ದೆ. ಪ್ರತಿ ಸಲ ಅವರು "ಹೇಗಿದೀರಾ?" ಅಂತ ಕೇಳೋರು, ನಾನು "ಪರವಾಗಿಲ್ಲ ಮೇಡಂ" ಅಂತಿದ್ದೆ. ಒಳ್ಳೆಯವರು, ಮನಸ್ಸಿಟ್ಟು ಕೇಳೋರು. ಅಂಥವರ ಮುಖ ನೋಡಿಕೊಂಡು "ಏನೂ ಕಡಿಮೆ ಆಗಿಲ್ಲ" ಅನ್ನೋಕೆ ಬಾಯಿ ಬರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆಗೋದು ಮಾತ್ರ ಹಾಗೇ ಇತ್ತು.

ಆಮೇಲೆ ಹೋದ ಕಡೆ, ಒಳಗೆ ಕರೆಯೋ ಮುಂಚೆ ಒಂದು ಹಾಳೆ ಕೈಗಿಟ್ಟರು. ಪಿಎಚ್‌ಕ್ಯೂ-9 ಅಂತ, ಖಿನ್ನತೆ ಎಷ್ಟಿದೆ ಅಂತ ಅಳೆಯೋ ಪ್ರಶ್ನೆಪಟ್ಟಿ, ಕನ್ನಡದಲ್ಲೇ. ಕಳೆದ ಎರಡು ವಾರದ ನಿದ್ದೆ, ಹಸಿವು, ಸುಸ್ತು, ಬೇಸರ ಹೀಗೆ ಒಂಬತ್ತು ಪ್ರಶ್ನೆ. ಒಂದೊಂದಕ್ಕೆ 0ಯಿಂದ 3, ಒಟ್ಟು 27. ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ನನಗೆ 17 ಬಂತು. ಒಂಬತ್ತನೇ ಪ್ರಶ್ನೆ, ಸತ್ತರೇ ವಾಸಿ ಅನ್ನಿಸಿದೆಯಾ ಅಂತ. ನಾನಾಗಿ ಆ ಮಾತು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. 'ಕೆಲವು ದಿನ' ಅನ್ನೋದಕ್ಕೆ ಗುರುತು ಹಾಕಿದೆ. ಅವತ್ತಿನ ಮಾತು ಅಲ್ಲಿಂದಲೇ ಶುರುವಾಯ್ತು. (ಈಗ ನಿಮಗೆ ಹಾಗನ್ನಿಸ್ತಿದ್ರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ.)

ಪ್ರತಿ ಭೇಟಿಗೂ ಅದೇ ಹಾಳೆ. ಆರನೇ ವಾರವೂ 16ರಲ್ಲೇ ನಿಂತಿತ್ತು. "ಇದು ನಿಮಗೆ ಒಗ್ಗುತ್ತಿಲ್ಲ, ಬೇರೆ ರೀತಿ ನೋಡೋಣ" ಅಂತ ಅಲ್ಲಿನ ಕೌನ್ಸೆಲರೇ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿದರು. ಥೆರಪಿ ಜೊತೆಗೆ ಮಾತ್ರೆ ಶುರುವಾಗಿ ನಾಲ್ಕು ತಿಂಗಳಿಗೆ 8ಕ್ಕೆ ಇಳೀತು.

"ಅನುಭವ ಇರೋರಿಗೆ ಹಾಳೆ ಯಾಕೆ, ನೋಡಿದ್ರೆ ಗೊತ್ತಾಗಲ್ವಾ?" ಅಂತ ಗೆಳತಿ ಕೇಳಿದಳು. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೆಲ್ ಲ್ಯಾಂಬರ್ಟ್ ಅವರ ತಂಡ ಇದನ್ನೇ ಪರೀಕ್ಷಿಸಿತ್ತು. 550 ಜನರಲ್ಲಿ ಯಾರ ಸ್ಥಿತಿ ಹದಗೆಡಬಹುದು ಅಂತ ಥೆರಪಿಸ್ಟ್‌ಗಳನ್ನ ಕೇಳಿದ್ರೆ ಮೂವರನ್ನು ತೋರಿಸಿದರು. ಹದಗೆಟ್ಟಿದ್ದು 40 ಜನರದ್ದು. ನನಗೆ ಆಶ್ಚರ್ಯ ಆಗಲಿಲ್ಲ. ಎದುರಿಗೆ ಕೂತವರು "ಪರವಾಗಿಲ್ಲ" ಅಂತಿದ್ರೆ ಅವರಾದರೂ ಹೇಗೆ ಕಂಡುಹಿಡೀತಾರೆ?

ಹಾಗಂತ ಹಾಳೆ ಕೊಟ್ಟುಬಿಟ್ಟರೆ ಮುಗೀಲಿಲ್ಲ. ಅಮ್ಮನಿಗೆ ಓದು ಬರಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪ್ರಶ್ನೆ ಓದಿ ಹೇಳಿದರು. ಎಲ್ಲಕ್ಕೂ "ಇಲ್ಲ, ಇಲ್ಲ" ಅಂದಳು. ಮನೆಗೆ ಬಂದು ಅನ್ನ ಬಸಿಯುತ್ತಾ, "ಎದೆ ಮೇಲೆ ಕಲ್ಲಿಟ್ಟ ಹಾಗಾಗುತ್ತೆ ಕಣೇ" ಅಂದಳು. ಮಗಳ ಮುಂದೆ ಹೇಗೆ ಹೇಳ್ತಾಳೆ?

ಮುಂದಿನ ಸಲ ನಾನು ಬಾಗಿಲಾಚೆ ಕೂತೆ. ಒಳಗೆ ನರ್ಸ್ ನಿಧಾನಕ್ಕೆ ಓದುತ್ತಿದ್ದರು. ಅಮ್ಮ ತುಂಬಾ ಹೊತ್ತು ಬರಲಿಲ್ಲ. 14 ಬಂದಿತ್ತು.